‘ಬಹಿಷ್ಕೃತ ತಂಡ’ ಅಂದರೆ ಹೊರಗೆ ಹಾಕಿದ್ದೋ, ತಾನೇ ಹೊರಗುಳಿದದ್ದೋ?

ಗೆಳೆಯರೇ, ಮೂರು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ.

ಡೊಂಬಿವಿಲಿಯ ನಮ್ಮ ಬಳಗದ ಸಂಚಿಕೆಗೆ 1964ರ ಏಷ್ಯಾ ಕಪ್ ಫುಟ್‌ಬಾಲ್ ಬಗ್ಗೆ ಎರಡು ಪುಟ ಬರೆದಿದ್ದೆ. ಟೂರ್ನಿ ನಡೆದದ್ದು ಇಸ್ರೇಲಿನಲ್ಲಿ. ರಾಜಕೀಯದ ಕಾರಣಕ್ಕೆ ಎಷ್ಟೋ ದೇಶಗಳು ಹಿಂದೆ ಸರಿದು, ಕೊನೆಗೆ ಆಡಿದ್ದು ನಾಲ್ಕೇ ತಂಡ, ಅದರಲ್ಲಿ ಭಾರತ ಎರಡನೆಯ ಸ್ಥಾನ. ಇವತ್ತಿಗೂ ಆ ಕಪ್‌ನಲ್ಲಿ ನಮ್ಮ ದೊಡ್ಡ ಸಾಧನೆ ಅದೇ. ಬಾರದವರನ್ನು ‘ಬಹಿಷ್ಕೃತ ತಂಡಗಳು’ ಎಂದು ಬರೆದು ಸುಮ್ಮನಾಗಿದ್ದೆ. ಕರಡು ತಿದ್ದಿದ ಹಿರಿಯರು ವಿಜಯಪುರದ ಕಡೆಯವರು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಕೇಳಿದ್ದಾರೆ: “ಇವರನ್ನ ಯಾರು ಹೊರಗ ಹಾಕಿದ್ರು? ತಾವಾಗೇ ಬರಲಿಲ್ಲಲ್ಲ?”

ಮಾತು ಸರಿ ಅಲ್ವಾ? ಬಹಿಷ್ಕಾರ ಅಂದ ಕೂಡಲೇ ನೆನಪಿಗೆ ಬರುವುದು ಊರವರು ಒಂದು ಮನೆಯವರಿಗೆ ಹಾಕುವಂಥದ್ದು. ಅಂಗಡಿಯಲ್ಲಿ ಸಾಮಾನಿಲ್ಲ, ಬಾವಿ ನೀರಿಲ್ಲ, ಮಾತಾಡಿಸಿದವರಿಗೂ ದಂಡ. ಮರಾಠಿಯಲ್ಲಿ ಇದಕ್ಕೆ ‘ವಾಳೀತ್ ಟಾಕಣೆ’ ಅಂತ ಬೇರೆ ಮಾತೇ ಇದೆ, ಆದರೂ ಬಹಿಷ್ಕಾರವನ್ನೂ ಬಿಟ್ಟಿಲ್ಲ. ಅಂಬೇಡ್ಕರರು 1927ರಲ್ಲಿ ಇದೇ ಮುಂಬೈಯಲ್ಲಿ ಶುರು ಮಾಡಿದ ಪತ್ರಿಕೆ ‘ಬಹಿಷ್ಕೃತ ಭಾರತ’. ಅಲ್ಲಿ ಬಹಿಷ್ಕೃತರು ಅಂದರೆ ಬೇರೆಯವರು ಹೊರಗಿಟ್ಟ ಜನ. ಆ ಪದವನ್ನು, ಬೇಡ ಅಂದು ಮನೆಯಲ್ಲೇ ಉಳಿದ ತಂಡಕ್ಕೆ ಅಂಟಿಸಿದ್ದು ನನ್ನದೇ ತಪ್ಪು.

ತಮಾಷೆ ಅಂದರೆ, ಬಾಯ್ಕಾಟ್ ಹುಟ್ಟಿದ್ದೂ ಹೀಗೇ. 1880ರಲ್ಲಿ ಐರ್ಲೆಂಡಿನ ಜಮೀನ್ದಾರನೊಬ್ಬನ ಏಜೆಂಟ್ ಬಾಯ್ಕಾಟ್ ಎಂಬವನಿಗೆ ಊರವರು ಹಾಕಿದ ಬಹಿಷ್ಕಾರ ಅದು. ಆಟ, ಚುನಾವಣೆ ಎಲ್ಲ ಆಮೇಲೆ ಸೇರಿಕೊಂಡದ್ದು.

‘ಟೂರ್ನಿ ಬಹಿಷ್ಕರಿಸಿದ ತಂಡ’ ಅಂದರೆ ಗೊಂದಲವಿಲ್ಲ. ತೊಡಕು ‘ಬಹಿಷ್ಕೃತ’ದಲ್ಲಿ ಮಾತ್ರ. ಲೆಕ್ಕಕ್ಕೆ ಅಲ್ಲಿ ಬಹಿಷ್ಕೃತವಾದದ್ದು ಟೂರ್ನಿ. 1958ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಇಂಡೊನೇಷ್ಯಾ, ಸುಡಾನ್ ಇಸ್ರೇಲ್ ಜೊತೆ ಆಡಲಿಲ್ಲ. ಅಲ್ಲಿ ಇಸ್ರೇಲನ್ನು ಬೇಕಾದರೆ ಬಹಿಷ್ಕೃತ ತಂಡ ಅನ್ನಬಹುದು.

ಆದರೆ 1973ರದ್ದು ನೋಡಿ. ಚಿಲಿಯಲ್ಲಿ ಸೇನೆ ಅಧಿಕಾರ ಹಿಡಿದು, ಸ್ಯಾಂಟಿಯಾಗೋದ ರಾಷ್ಟ್ರೀಯ ಕ್ರೀಡಾಂಗಣವನ್ನೇ ಜೈಲು ಮಾಡಿತ್ತು. ಅಲ್ಲಿ ಆಡುವುದಿಲ್ಲ ಎಂದು ಸೋವಿಯತ್ ತಂಡ ಚಿಲಿ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಬರಲಿಲ್ಲ. ನವೆಂಬರ್ 21ರಂದು ಚಿಲಿಯ ಆಟಗಾರರು ಎದುರಾಳಿಯೇ ಇಲ್ಲದ ಮೈದಾನದಲ್ಲಿ ಪಾಸ್ ಮಾಡಿಕೊಂಡು ಹೋಗಿ ಖಾಲಿ ಗೋಲಿಗೆ ಚೆಂಡು ಒದ್ದರು. ಫಿಫಾ ಸೋವಿಯತ್ ತಂಡವನ್ನು ಹೊರಗೆ ಹಾಕಿತು. ತಾನೂ ಹೊರಗುಳಿಯಿತು, ಹೊರಗೂ ಹಾಕಿದರು. ಇದು ಎಂಥ ಬಹಿಷ್ಕೃತ?

‘ಹೊರಗುಳಿದ ತಂಡ’ ಅನ್ನೋಣ ಎಂದರೆ, ಸೋತು ಅರ್ಹತೆ ಸಿಗದವರಿಗೂ ಪತ್ರಿಕೆಗಳು ಅದನ್ನೇ ಬರೆಯುತ್ತವೆ. ಸದ್ಯಕ್ಕೆ ‘ಆಡಲೊಪ್ಪದ ತಂಡಗಳು’ ಎಂದು ತಿದ್ದಿದ್ದೇನೆ, ಬಾಯಿಗೆ ಸ್ವಲ್ಪ ಒರಟು. ನಿಮ್ಮ ಕಡೆ ಇದಕ್ಕೆ ಏನಂತಾರೆ? ಸಂಚಿಕೆ ಭಾನುವಾರ ಪ್ರೆಸ್‌ಗೆ ಹೋಗುತ್ತದೆ.