ಸಾವಯವ ತರಕಾರಿಯ ವಾರದ ಬುಟ್ಟಿ: ಎರಡನೇ ತಿಂಗಳಿಗೂ ಹಣ ಕಟ್ಟಬೇಕೇ?

ಅಂಚೆಯಣ್ಣ, ಮೈಸೂರು

ಕುವೆಂಪುನಗರದಲ್ಲಿ ನಾವಿಬ್ಬರೇ ಇರುವ ಮನೆ. ನಾನು ಅಂಚೆ ಇಲಾಖೆಯಿಂದ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಹೋದ ತಿಂಗಳು ಪುಣೆಯಲ್ಲಿರುವ ಮಗಳು ನಮ್ಮನ್ನು ಕೇಳದೆಯೇ ಸಾವಯವ ತರಕಾರಿ ಮನೆಗೆ ತಲುಪಿಸುವವರಲ್ಲಿ ಚಂದಾ ಕಟ್ಟಿಬಿಟ್ಟಳು. ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ, ಅಪ್ಪ ಚೀಲ ಹೊತ್ತು ಬಸ್ಸು ಹತ್ತುವುದು ಬೇಡ ಎಂಬುದು ಅವಳ ಕಾಳಜಿ. ವಾರಕ್ಕೊಂದು ಬುಟ್ಟಿ, ತಿಂಗಳಿಗೆ 2,400 ರೂಪಾಯಿ. ಐದು ಕೆ.ಜಿ. ತರಕಾರಿ, ಮೂರು ಕಟ್ಟು ಸೊಪ್ಪು. ಏನು ಬರುತ್ತದೆಂದು ಮೊದಲೇ ಹೇಳುವುದಿಲ್ಲ. "ಅದು ಹೊಲದ ಇಷ್ಟ ಸರ್" ಎಂದ ಬುಟ್ಟಿ ತಂದ ಹುಡುಗ.

ಮೂವತ್ತಾರು ವರ್ಷ ಪಾರ್ಸೆಲ್ ತೂಗಿದ ಕೈ ಸುಮ್ಮನಿರುವುದಿಲ್ಲ. ನಾಲ್ಕು ಬುಟ್ಟಿಗಳನ್ನೂ ತೂಗಿ ಬರೆದಿಟ್ಟಿದ್ದೇನೆ. ತೂಕದಲ್ಲಿ ಮೋಸವಿಲ್ಲ, ಮೂರನೇ ವಾರ 250 ಗ್ರಾಂ ಕಡಿಮೆಯಿತ್ತು, ಹೇಳಿದ್ದಕ್ಕೆ ಮುಂದಿನ ವಾರ ಎರಡು ಸೌತೆಕಾಯಿ ಹೆಚ್ಚಿಗೆ ಹಾಕಿದರು. ಅದೇ ಪಟ್ಟಿಯನ್ನು ಅದೇ ದಿನ ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡಿದ್ದರೆ ನಾಲ್ಕು ವಾರಕ್ಕೆ 1,430 ರೂಪಾಯಿ ಆಗುತ್ತಿತ್ತು. ಉಳಿದ 970 ರೂಪಾಯಿ ನನ್ನ ಪಿಂಚಣಿಗೆ ಭಾರವಲ್ಲ. ಹಾಗೆಂದು ಕಣ್ಣು ಮುಚ್ಚಿ ಕೊಡುವ ಮೊತ್ತವೂ ಅಲ್ಲ.

ತಲೆನೋವು ಬೇರೆಯದು. ನಾಲ್ಕರಲ್ಲಿ ಮೂರು ವಾರ ಸೋರೆಕಾಯಿ. ಪಲ್ಯ, ಹುಳಿ, ದೋಸೆ, ಸಿಪ್ಪೆಯ ಚಟ್ನಿ ಎಲ್ಲವೂ ಆಯಿತು. ಎರಡನೇ ವಾರ ಜುಕಿನಿ ಎಂಬುದು ಬಂತು. ಸೌತೆಕಾಯಿಯ ಜಾತಿಯೆಂದು ನಂಬಿ ಮನೆಯಾಕೆ ಹುಳಿಗೆ ಹಾಕಿದಳು. ಸೌಟು ಆಡಿಸಿ ಹುಡುಕಿದರೂ ಹೋಳು ಸಿಗಲಿಲ್ಲ. ಈರನಗೆರೆ ಬದನೆಕಾಯಿ ಮಾತ್ರ ಒಮ್ಮೆಯೂ ಬರಲಿಲ್ಲ. ಮೈಸೂರಿನಲ್ಲಿದ್ದುಕೊಂಡು ವಾಂಗೀಬಾತ್ ಇಲ್ಲದೆ ಒಂದು ತಿಂಗಳು ಕಳೆದೆವು. ಒಟ್ಟು ಒಂದೂಕಾಲು ಕೆ.ಜಿ. ಕೊಳೆತು ದಾಸವಾಳದ ಬುಡ ಸೇರಿತು, ಬಹುಪಾಲು ಸೊಪ್ಪು.

ಒಳ್ಳೆಯದನ್ನೂ ಹೇಳಬೇಕು. ಕ್ಯಾರೆಟ್ಟುಗಳು ಬೆರಳಿನಷ್ಟು ಸಣ್ಣವು, ಸೊಟ್ಟಗಿನವು, ಆದರೆ ಕೋಸಂಬರಿ ಮಾಡಿದ ದಿನ ನಾನು ಅನ್ನವನ್ನೇ ಮರೆತೆ. ಎಲೆಕೋಸಿನೊಳಗೆ ಒಂದು ಹಸಿರು ಹುಳು ಸಿಕ್ಕಿತು. ಮನೆಯಾಕೆಗೆ ಸಂತೋಷ: "ಅದು ಬದುಕಿದೆಯೆಂದರೆ ನಾವೂ ಬದುಕುತ್ತೇವೆ."

ಇನ್ನೊಂದು ವಿಷಯ ಹೇಳಿಕೊಳ್ಳಲು ಸಂಕೋಚ. ನಾನು ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದವನು. ಈ ತಿಂಗಳು ಹೋದದ್ದು ಒಂದೇ ಸಲ, ಅದೂ ವೀಳ್ಯದೆಲೆಗೆ. ಬದನೆಕಾಯಿ ಮಾರುವಾಕೆ "ಊರಲ್ಲಿರಲಿಲ್ಲವೇ ಸ್ವಾಮಿ?" ಎಂದು ಕೇಳಿದಳು. ಬುಟ್ಟಿಯ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಹೌದು, ಊರಲ್ಲಿರಲಿಲ್ಲ ಎಂದೆ.

ಐದನೇ ತಾರೀಖಿನೊಳಗೆ ತಿಳಿಸಬೇಕಂತೆ. ಮೂರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ಶೇ 10 ರಿಯಾಯಿತಿ, 6,480 ರೂಪಾಯಿ. ಇದು ನಿಜವಾಗಿಯೂ ಸಾವಯವವೇ ಎಂದು ತಿಳಿಯುವುದು ಹೇಗೆ? ಇಬ್ಬರ ಮನೆಗೆ ಇದು ಒಗ್ಗುತ್ತದೆಯೇ?

ಅಡುಗೆಮನೆ, ಬೆಂಗಳೂರು

ಸರ್, ಮೊದಲು ಆ ರಿಯಾಯಿತಿಯನ್ನು ಮರೆತುಬಿಡಿ. ನಾನು ಒಮ್ಮೆ ಆರು ತಿಂಗಳಿಗೆ ಒಟ್ಟಿಗೆ ಕಟ್ಟಿದ್ದೆ. ಎರಡನೇ ತಿಂಗಳಿಗೇ ಅವರು ಬಾಗಿಲು ಹಾಕಿದರು. ಉಳಿದ ಹಣಕ್ಕಾಗಿ ಫೋನು ಮಾಡಿ ಮಾಡಿ ಅವರ ಕಾಲರ್ ಟ್ಯೂನ್ ನನಗೆ ಬಾಯಿಪಾಠವಾಯಿತು, ಹಣ ಅರ್ಧವಷ್ಟೇ ಬಂತು. ಈಗ ಬೇರೆಯವರಲ್ಲಿ ಮೂರನೇ ವರ್ಷ, ತಿಂಗಳಿಂದ ತಿಂಗಳಿಗೆ ಮಾತ್ರ.

ನಿಮ್ಮ ಸೊಪ್ಪು ಕೊಳೆಯುವುದು ತೊಳೆದು ಇಡುವುದರಿಂದ ಇರಬೇಕು. ತೊಳೆಯದೆ, ಬೇರು ಕತ್ತರಿಸಿ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಬುಟ್ಟಿ ಬಂದ ದಿನ ಮಸ್ಸೊಪ್ಪು, ಮರುದಿನ ಬಸ್ಸಾರು ಎಂದು ನಮ್ಮ ಮನೆಯಲ್ಲಿ ಕಾಯಂ ಆಗಿದೆ. ಮೂಲಂಗಿ, ಕ್ಯಾರೆಟ್ಟಿನ ಎಲೆಗಳನ್ನು ಬಂದ ತಕ್ಷಣ ಕತ್ತರಿಸಿ ಬೇರೆ ಇಡಿ, ಇಲ್ಲದಿದ್ದರೆ ಗೆಡ್ಡೆ ಬಾಡುತ್ತದೆ. ಮತ್ತೆ, ಬೇಡದ ಎರಡು ಮೂರು ತರಕಾರಿಯ ಹೆಸರು ಕೊಡಬಹುದೇ, ಹದಿನೈದು ದಿನಕ್ಕೊಮ್ಮೆ ಅರ್ಧ ಬುಟ್ಟಿ ಉಂಟೇ ಎಂದು ಕೇಳಿ. ಇವನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ, ಕೇಳಿದವರಿಗೆ ಕೊಡುತ್ತಾರೆ.

ಕೋಟೆ ಸೀಮೆಯ ರೈತ

ನಾನು ಬುಟ್ಟಿಯ ಆಚೆ ಬದಿಯವನು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಎರಡು ಎಕರೆ ತರಕಾರಿ, ಇಂಥದ್ದೇ ಒಂದು ಸಂಸ್ಥೆಗೆ ಕೊಡುತ್ತೇನೆ. ಸೋರೆಕಾಯಿಯ ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುತ್ತೇನೆ ಅಣ್ಣ. ಬಳ್ಳಿ ಒಮ್ಮೆ ಚಪ್ಪರ ಹಿಡಿಯಿತೆಂದರೆ ದಿನ ಬಿಟ್ಟು ದಿನ ಕಾಯಿ, ನಿಲ್ಲು ಎಂದರೆ ನಿಲ್ಲುವುದಿಲ್ಲ. ಬದನೆಗೆ ಕಾಯಿಕೊರಕದ ಕಾಟ. ವಿಷ ಹೊಡೆಯದೆ ಹತ್ತು ಕಾಯಿ ಕೊಯ್ದರೆ ನಾಲ್ಕು ತೂತು ಬಿದ್ದಿರುತ್ತವೆ. ಅದಕ್ಕೇ ನಿಮಗೆ ಬದನೆ ಸಿಗುತ್ತಿಲ್ಲ.

ಪ್ರಮಾಣಪತ್ರದ ವಿಷಯ. ರಾಸಾಯನಿಕ ಬಿಟ್ಟ ಮರುದಿನವೇ ಹೊಲ ಸಾವಯವ ಆಗುವುದಿಲ್ಲ. ತರಕಾರಿಯಂಥ ಬೆಳೆಗೆ ಎರಡು ವರ್ಷ ಪರಿವರ್ತನೆಯ ಅವಧಿ. ನಾವು ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿದ್ದೇವೆ, ಅಂದರೆ ಗುಂಪಿನ ರೈತರು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಪರಿವರ್ತನೆಯಲ್ಲಿರುವವರಿಗೆ 'ಪಿಜಿಎಸ್ ಗ್ರೀನ್', ಅವಧಿ ಮುಗಿಸಿದವರಿಗೆ 'ಪಿಜಿಎಸ್ ಆರ್ಗ್ಯಾನಿಕ್'. ನಿಮ್ಮ ಬುಟ್ಟಿಯವರನ್ನು ಯಾವುದು ಎಂದು ಕೇಳಿ. ಸಣ್ಣ ರೈತ ತಾನೇ ನೇರವಾಗಿ ನಿಮ್ಮ ಕೈಗೆ ಮಾರಿದರೆ ಸಾವಯವ ಆಹಾರದ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ 2017ರ ನಿಯಮದಲ್ಲಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಕಂಪನಿ ಪೊಟ್ಟಣ ಕಟ್ಟಿ 'ಸಾವಯವ' ಎಂದು ಅಚ್ಚು ಹಾಕಿದ್ದರೆ ಅದೇ ಪ್ರಾಧಿಕಾರದ ಸಾವಯವ ಮುದ್ರೆಯಾದ 'ಜೈವಿಕ್ ಭಾರತ್' ಗುರುತು ಎಲ್ಲಿ ಎಂದು ಧಾರಾಳವಾಗಿ ಕೇಳಿ.

ಅದಕ್ಕಿಂತ ದೊಡ್ಡ ಪರೀಕ್ಷೆ ಇದು: ಯಾವ ಊರು, ಯಾರ ಹೊಲ, ಒಂದು ಭಾನುವಾರ ಬಂದು ನೋಡಬಹುದೇ ಎಂದು ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ನಮ್ಮಲ್ಲಿಗೆ ಬಂದವರಿಗೆ ಜೀವಾಮೃತ ಎಂಬ ದ್ರವಗೊಬ್ಬರದ ಡ್ರಮ್ಮನ್ನೇ ಮೊದಲು ತೋರಿಸುತ್ತೇವೆ. 200 ಲೀಟರ್ ನೀರಿಗೆ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು. ಪೇಟೆಯ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತವೆ.

970 ರೂಪಾಯಿ ಎಲ್ಲಿಗೆ ಹೋಯಿತು ಎಂದು ನಿಮಗೆ ಅನ್ನಿಸಿರಬಹುದು. ಎಲ್ಲವೂ ನನಗೆ ಬರುವುದಿಲ್ಲ, ವ್ಯಾನು, ಪ್ಯಾಕಿಂಗ್, ಆ ಹುಡುಗನ ಸಂಬಳ ಎಲ್ಲವೂ ಅದರಲ್ಲೇ. ನನಗೆ ಸಿಗುವುದು ಬಿತ್ತುವ ಮೊದಲೇ ಗೊತ್ತಿರುವ ಬೆಲೆ. ಮಂಡಿಗೆ ಒಯ್ದ ಟೊಮೆಟೊದಲ್ಲಿ ಗಾಡಿಯ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದವನು ನಾನು.

ತೋಟಗಾರಿಕೆ ಓದಿದವಳು

ಹುಳುವನ್ನು ಸಾಕ್ಷಿಗೆ ಕರೆಯಬೇಡಿ ಸರ್. ಎಲೆಕೋಸಿನ ಡೈಮಂಡ್‌ಬ್ಯಾಕ್ ಪತಂಗದ ಮರಿ ಎಷ್ಟೋ ಕೀಟನಾಶಕಗಳಿಗೆ ಜಗ್ಗದಷ್ಟು ಪಳಗಿದೆ, ವಿಷ ಹೊಡೆದ ಹೊಲದಲ್ಲೂ ಆರಾಮವಾಗಿರುತ್ತದೆ. ಸಾವಯವ ಎಂದರೆ ಏನನ್ನೂ ಸಿಂಪಡಿಸುವುದಿಲ್ಲ ಎಂದೂ ಅಲ್ಲ. ಬೇವಿನ ಎಣ್ಣೆ, ಮಿತಿಯೊಳಗೆ ತಾಮ್ರದ ದ್ರಾವಣ ಇವಕ್ಕೆ ಅನುಮತಿ ಇದೆ.

ನಾನಾದರೆ ಪೂರ್ತಿ ಬುಟ್ಟಿ ಕೊಳ್ಳುವುದಿಲ್ಲ. ಹೂಕೋಸು, ಎಲೆಕೋಸು, ಬದನೆ, ಸೊಪ್ಪು ಇವಕ್ಕೆ ಹೆಚ್ಚು ದುಡ್ಡು ಕೊಡುತ್ತೇನೆ. ಈರುಳ್ಳಿ, ಸುವರ್ಣಗೆಡ್ಡೆಯಂಥ ಸಿಪ್ಪೆ ತೆಗೆದು ಎಸೆಯುವಂಥವು ಅಂಗಡಿಯವೇ ಸಾಕು. ಸೋರೆಯನ್ನೂ ಈ ಸಾಲಿಗೆ ಸೇರಿಸುತ್ತಿದ್ದೆ, ಆದರೆ ನೀವು ಸಿಪ್ಪೆಯ ಚಟ್ನಿ ತಿನ್ನುವವರು. ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಮೇಲಿನ ಅಂಶ ಬಹಳಷ್ಟು ಹೋಗುತ್ತದೆ. ಗಿಡ ಹೀರಿಕೊಂಡದ್ದು ಹೋಗುವುದಿಲ್ಲ.

ಅಂಚೆಯಣ್ಣ, ಮೈಸೂರು

ಎಲ್ಲರಿಗೂ ನಮಸ್ಕಾರ. ನಿನ್ನೆ ಫೋನು ಮಾಡಿ ಕೇಳಿದೆ. ಊರಿನ ಹೆಸರು ತಡವರಿಸದೆ ಹೇಳಿದರು, ನಂಜನಗೂಡಿನ ಹತ್ತಿರ. ಭಾನುವಾರ ಬನ್ನಿ ಎಂದೂ ಕರೆದರು. ಇನ್ನೂ 'ಗ್ರೀನ್' ಹಂತದಲ್ಲೇ ಇದ್ದಾರಂತೆ, ಪೂರ್ತಿ ಸಾವಯವವಾಗಲು ಏಳು ತಿಂಗಳು ಬೇಕಂತೆ. ಕರಪತ್ರದಲ್ಲಿ ಮಾತ್ರ 'ನೂರಕ್ಕೆ ನೂರು ಸಾವಯವ' ಎಂದಿತ್ತು. ಅದನ್ನು ತಿದ್ದಿಸಿ ಎಂದಿದ್ದೇನೆ. ವಿಳಾಸ ತಪ್ಪಿದ ಪತ್ರವನ್ನು ನಾನು ಎಂದೂ ಹಾಗೆಯೇ ಬಿಟ್ಟವನಲ್ಲ.

ಹದಿನೈದು ದಿನಕ್ಕೊಮ್ಮೆ ಅರ್ಧ ಬುಟ್ಟಿ, ತಿಂಗಳಿಗೆ 660 ರೂಪಾಯಿ, ಮುಂಗಡ ಒಂದೇ ತಿಂಗಳಿಗೆ. ಸೋರೆಕಾಯಿಯನ್ನು ಪಟ್ಟಿಯಿಂದ ಹೊಡೆದುಹಾಕಿಸಿದ್ದೇನೆ, ಕೋಟೆಯ ತಮ್ಮ ಬೇಸರಿಸಿಕೊಳ್ಳಬಾರದು. ಉಳಿದ ದಿನ ಮಾರುಕಟ್ಟೆ. ಎರಡು ಕೆ.ಜಿ.ಗಿಂತ ಹೆಚ್ಚು ಹೊರುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ, ತೂಕದ ಲೆಕ್ಕವನ್ನು ಅವಳಿಗೆ ಕಳುಹಿಸಬೇಕಂತೆ. ಇಂದು ಬೆಳಿಗ್ಗೆ ಹೋಗಿ ಅರ್ಧ ಕೆ.ಜಿ. ಬದನೆಕಾಯಿ ತಂದೆ. ಯಾವ ಊರಿಂದ ಬಂದಿರಿ ಎಂದು ಆಕೆ ಕೇಳಲಿಲ್ಲ, ಪುಣ್ಯ.

ಜುಕಿನಿಯನ್ನು ಏನು ಮಾಡುವುದೆಂದು ಬಲ್ಲವರಿದ್ದರೆ ತಿಳಿಸಬೇಕೆಂದು ಮನೆಯಾಕೆ ಕೇಳಿದ್ದಾಳೆ. ಅದನ್ನು ಹೊಡೆದುಹಾಕಿಸಲು ಮರೆತೆ.