ಕ್ರಿಸ್ಮಸ್‌ಗೆ ಹೊಸದೇನಾದರೂ ಮಾಡಬೇಕು, ಆದರೆ ಶೋ ಆಗಬಾರದು: ನಿಮ್ಮ ಸಭೆಯಲ್ಲಿ ಏನು ಮಾಡಿದಿರಿ?

ಕೇಳಿದವರು, ಭಾಲ್ಕಿ ತಾಲ್ಲೂಕು
ಎಲ್ಲರಿಗೂ ವಂದನೆಗಳು. ನಮ್ಮದು ಹಳ್ಳಿಯ ಮೆಥೋಡಿಸ್ಟ್ ಸಭೆ. ಈ ವರ್ಷ ಯೂತ್ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಹುಡುಗರು ಯೂಟ್ಯೂಬ್‌ನ ತೆಲುಗು ಹಾಡುಗಳನ್ನು ಇದ್ದ ಹಾಗೇ ಎತ್ತಬೇಕು ಅಂತಾರೆ. ಟ್ರ್ಯಾಕ್, ಡ್ಯಾನ್ಸ್, ಬಣ್ಣದ ಲೈಟು. ಹಿರಿಯರು ಹಾಡಿನ ಪುಸ್ತಕ ಬಿಟ್ಟು ಕದಲುವುದಿಲ್ಲ. ಹುಡುಗರ ಹುರುಪನ್ನು ಕೊಲ್ಲೋಕೆ ನನಗೆ ಮನಸ್ಸಿಲ್ಲ. ಆದರೆ ಅದು ಆರಾಧನೆ ಅಂತ ಅನ್ನಿಸಬೇಕು. ಅನುಭವ ಇದ್ದವರು ಹೇಳಿ.

ಬೀದರ್, ಕ್ವಯರ್ ನೋಡಿಕೊಳ್ಳುವವರು
ತಮ್ಮಾ, ಮೊದಲು ಆ ಟ್ರ್ಯಾಕ್ ಬಿಡಿಸು. ಟ್ರ್ಯಾಕ್ ಹಾಕಿದ ಕೂಡಲೇ ಸಭೆ ಹಾಡೋದು ನಿಲ್ಲಿಸಿ ನೋಡುತ್ತಾ ಕೂರುತ್ತದೆ. ಮುಂದಿನ ಚಾಪೆಯ ಅಜ್ಜಿ ಪಲ್ಲವಿಯಲ್ಲಿ ಸ್ವಲ್ಪ ಹಿಂದೆ ಬಿದ್ದರೆ ಢೋಲಕ್ ಹುಡುಗ ಕಾಯುತ್ತಾನೆ, ಪೆನ್‌ಡ್ರೈವ್ ಕಾಯುತ್ತದಾ?

ಇನ್ನೊಂದು, ಸ್ಕೇಲ್, ಅಂದರೆ ಹಾಡಿನ ಶ್ರುತಿ. ಹೆಂಗಸರು ಬಾಯಿ ಬಿಡುತ್ತಿಲ್ಲ ಅಂತ ಎಲ್ಲರೂ ದೂರುತ್ತಿದ್ದರು. ನೋಡಿದರೆ ಕೀಬೋರ್ಡ್ ಹುಡುಗ ತನಗೆ ಬೆರಳು ಕೂರುವ ಸ್ಕೇಲಿನಲ್ಲೇ ಎಲ್ಲಾ ಹಾಡು ನುಡಿಸುತ್ತಿದ್ದ. ಇಳಿಸಿದ ಮೇಲೆ ಹಿಂದಿನ ಸಾಲಿನಿಂದಲೂ ದನಿ ಬಂತು. ಭಕ್ತಿ ಕಡಿಮೆ ಆಗಿರಲಿಲ್ಲ, ಗಂಟಲಿಗೆ ಎಟಕುತ್ತಿರಲಿಲ್ಲ ಅಷ್ಟೇ.

ಹುಡುಗರಿಗೆ ನಮ್ಮ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಮಾತು ಹೇಳು. 1761ರಲ್ಲೇ ಹಾಡೋದಕ್ಕೆ ನಿಯಮ ಬರೆದಿಟ್ಟ ಮನುಷ್ಯ. ಅರೆನಿದ್ದೆಯಲ್ಲಿ ಇರುವವರ ಹಾಗೆ ಹಾಡಬೇಡಿ ಅನ್ನುತ್ತಾರೆ. ಹಾಗಂತ ಬೇರೆಯವರ ದನಿ ಮುಚ್ಚಿಹೋಗುವಂತೆ ಕಿರುಚಲೂಬೇಡಿ ಅನ್ನುತ್ತಾರೆ. ನಿಮ್ಮ ಹಿರಿಯರಿಗೂ ಹುಡುಗರಿಗೂ ಒಂದೊಂದು ಬೈಗುಳ ಅದರಲ್ಲೇ ಇದೆ.

ಹುಮನಾಬಾದ್
‘ನಮ್ಮದೇ ವಾದ್ಯ ತರೋಣ’ ಅಂತ ಯಾರಾದರೂ ಹೇಳುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಹುಡುಗರು ಅದನ್ನೇ ಹೇಳಿ ಹಲಗೆ ತಂದರು. ಬೈಬಲಿನ ಕೀರ್ತನೆ 150ರಲ್ಲಿ ದಮ್ಮಡಿ, ತಾಳ ಎಲ್ಲಾ ಇದೆ, ಹಲಗೆ ಯಾಕೆ ಬೇಡ ಅಂತ ಅವರ ವಾದ. ಒಳ್ಳೇ ವಾದವೇ. ಆದರೆ ಮೊದಲ ಪೆಟ್ಟು ಬೀಳುತ್ತಲೇ ಹಿರಿಯರೊಬ್ಬರು ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಸಂಜೆ ಮನೆಗೆ ಹೋಗಿ ಕೇಳಿದೆವು. ‘ಹೆಣದ ಮುಂದ ಬಾರಿಸಬೇಕು, ಊರ ಜಾತ್ರ್ಯಾಗ ಬಾರಿಸಬೇಕು, ಗುಡಿ ಒಳಗ ಮಾತ್ರ ಕಾಲಿಡಬಾರದು. ನಮ್ಮಪ್ಪ ಅದನ್ನ ಕೆಳಗಿಟ್ಟು ಈ ದೇವರ ಹತ್ರ ಬಂದ. ನೀವು ಮತ್ತ ತಂದು ನನ್ನ ಮುಂದ ಬಾರಸ್ತೀರಿ?’ ನಾವು ಸುಮ್ಮನೆ ಕೂತೆವು. ಆಗ ಅವರ ಮೊಮ್ಮಗಳೇ ಬಾಯಿ ಬಿಟ್ಟಳು: ‘ತಾತಾ, ನಮಗೀಗ ಬಾರಿಸು ಅಂತ ಹೇಳೋರು ಯಾರೂ ಇಲ್ಲ. ನಾವೇ ಬಾರಿಸ್ತೀವಿ.’

ಅವರು ಪೂರ್ತಿ ಒಪ್ಪಲಿಲ್ಲ. ಓಣಿ ಓಣಿ ಕ್ಯಾರಲ್‌ಗೆ ಹೋಗುವಾಗ ಬಾರಿಸಿ, ಆರಾಧನೆಯಲ್ಲಿ ಬೇಡ ಅಂದರು. ಇವತ್ತಿಗೂ ನಮ್ಮಲ್ಲಿ ಹಾಗೇ ನಡೆಯುತ್ತಿದೆ. ‘ಜಾನಪದ ಸೊಗಡು’ ಅಂತ ಭಾಷಣ ಮಾಡುವವರಿಗೆ ಇದು ಅರ್ಧಂಬರ್ಧ ಅನ್ನಿಸಬಹುದು. ನನಗಂತೂ ಸರಿ ಅನ್ನಿಸುತ್ತದೆ.

ಒಳಗೆ ಏನು ಒಗ್ಗಿತು ಅಂದರೆ ಭಜನೆ ಧಾಟಿ. ಒಬ್ಬರು ಹೇಳಿಕೊಡೋದು, ಎಲ್ಲರೂ ತಿರುಗಿ ಹೇಳೋದು. ಪುಸ್ತಕ ಬೇಡ, ಓದು ಬರದವರೂ ಹಾಡುತ್ತಾರೆ. ವಿಕಾರಾಬಾದ್ ಕಡೆಯ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋದವರಿದ್ದರೆ ಕೇಳಿ ನೋಡಿ. ಸ್ಟೇಜಿನ ಮೈಕ್ ಆಫ್ ಆದ ಮೇಲೆ ಗುಡಾರಗಳಲ್ಲಿ ಶುರುವಾಗುವ ಹಾಡೇ ಬೇರೆ.

ಯಾದಗಿರಿ, ಮೇಷ್ಟ್ರು
ಹಿರಿಯರು ‘ಭಜನೆ ನಮ್ಮದಲ್ಲ’ ಅಂದರೆ ಕಿಟೆಲ್ ಹೆಸರು ಹೇಳಿ. 1894ರ ನಿಘಂಟಿನ ಕಿಟೆಲ್ಲೇ. ಅದಕ್ಕೂ ಎಷ್ಟೋ ಮೊದಲು ಯೇಸುವಿನ ಕಥೆಯನ್ನು ನಮ್ಮ ಕನ್ನಡ ಛಂದಸ್ಸಿನಲ್ಲೇ ಪದ್ಯ ಮಾಡಿದ್ದರು. ಜರ್ಮನಿಯಿಂದ ಬಂದವರಿಗೆ ನಮ್ಮ ಧಾಟಿ ನಡೆಯಿತು, ನಮಗೇ ನಡೆಯಲ್ಲ ಅಂದರೆ ಹೇಗೆ!

ಕಲಬುರಗಿ, ಕ್ಯಾಥೋಲಿಕ್
ನಮ್ಮ ಪೂಜೆಯ ಕ್ರಮ ಬೇರೆ, ಜಾಸ್ತಿ ಬದಲಿಸೋಕೆ ಆಗುವುದಿಲ್ಲ. ಕೈ ಆಡಿಸೋಕೆ ಜಾಗ ಇರೋದು ಕ್ರಿಬ್‌ನಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ ಮಾಡಿ ಇಡ್ತೀವಲ್ಲ, ಅದರಲ್ಲಿ. ಥರ್ಮಾಕೋಲ್ ಹಿಮ ಬಿಟ್ಟುಬಿಟ್ಟೆವು. ಕಲಬುರಗಿಯಲ್ಲಿ ಹಿಮ ಎಲ್ಲಿಂದ ಬರಬೇಕು ಹೇಳಿ! ಶಹಾಬಾದ್ ಫರಸಿ ತುಂಡುಗಳ ಗೋಡೆ, ತೊಗರಿ ಕಟ್ಟಿಗೆಯ ಚಪ್ಪರ, ಗೋದಲಿಯಲ್ಲಿ ಜೋಳದ ಕಣಿಕೆ. ಕಣಿಕೆ ಹರಡಿದ ರೀತಿ ಸರಿ ಇಲ್ಲ ಅಂತ ರೈತರೊಬ್ಬರು ತಾವೇ ಒಳಗೆ ಬಂದು ಸರಿ ಮಾಡಿದರು. ಅಲ್ಲಿಯವರೆಗೆ ಅವರು ಯಾವ ಕೆಲಸಕ್ಕೂ ಮುಂದೆ ಬಂದವರಲ್ಲ. ಲೈಟು ಬೇಕು ಅನ್ನುವ ಹುಡುಗರಿಗೆ ಇಂಥದ್ದೊಂದು ಕೆಲಸ ಒಪ್ಪಿಸಿ ನೋಡಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಹಲಗೆ ಮಾತು ನಮ್ಮಲ್ಲೂ ಬರುವುದಿತ್ತು, ಒಬ್ಬ ಹುಡುಗ ಆಗಲೇ ಒಂದು ತಂದಿಟ್ಟಿದ್ದಾನೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಹತ್ತಿರ ಕೂರುತ್ತೇನೆ. ಬೀದರ್ ಅಕ್ಕಾ, ನೀವು ಸ್ಕೇಲ್ ಇಳಿಸಿದ ಹಾಡುಗಳ ರೆಕಾರ್ಡಿಂಗ್ ಇದ್ದರೆ ಕಳಿಸ್ತೀರಾ?

ಬೀದರ್, ಕ್ವಯರ್ ನೋಡಿಕೊಳ್ಳುವವರು
ಕಳಿಸಲ್ಲ. ಯೂಟ್ಯೂಬ್ ಬಿಟ್ಟು ನಮ್ಮನ್ನು ಕಾಪಿ ಹೊಡೀತೀರಿ ಅಷ್ಟೇ. ಶನಿವಾರ ಸಂಜೆ ಪ್ರಾಕ್ಟೀಸ್ ಇರುತ್ತೆ, ಢೋಲಕ್ ಹುಡುಗನನ್ನು ಕರಕೊಂಡು ಬಾ.