ಅದಿರು ನಮ್ಮಲ್ಲೂ ಇದೆ, ಮತ್ತೆ ಮ್ಯಾಗ್ನೆಟ್‌ಗೆ ಚೀನಾದ ಮುಂದೆ ಕೈಯೊಡ್ಡುವುದು ಯಾಕೆ?

ಕಡಲಮರಳು (ಪ್ರಶ್ನೆ)

2025ರ ಏಪ್ರಿಲ್ 2ರಂದು ಟ್ರಂಪ್ ಸುಂಕ ಘೋಷಿಸಿದರು. ಏಪ್ರಿಲ್ 4ಕ್ಕೆ ಚೀನಾ ರೇರ್ ಅರ್ಥ್ ಎಂಬ, ಬಲವಾದ ಮ್ಯಾಗ್ನೆಟ್‌ಗಳಿಗೆ ಬೇಕಾಗುವ ಲೋಹಗಳ ಗುಂಪಿನ ಏಳು ಧಾತುಗಳ ಹಾಗೂ ಅವು ಸೇರಿದ ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಜಗಳ ಅವರಿಬ್ಬರದು. ಆದರೆ ತಿಂಗಳೊಪ್ಪತ್ತಿನಲ್ಲಿ ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ತಯಾರಿಕೆ ನಿಂತಿತು, ಬೆಂಗಳೂರಿನ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳಿಗೂ ಬಿಸಿ ತಟ್ಟಿತು. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದಲ್ಲಿ ನಮ್ಮದೇ ಸರ್ಕಾರಿ ಕಂಪನಿ ಐಆರ್‌ಇಎಲ್ ದಶಕಗಳಿಂದ ರೇರ್ ಅರ್ಥ್ ಇರುವ ಮೋನಜೈಟ್ ಮರಳು ತೆಗೆಯುತ್ತಿದೆ. ನಿಕ್ಷೇಪದ ಲೆಕ್ಕದಲ್ಲಿ ನಾವು ಜಗತ್ತಿನ ಮೊದಲ ಐದರೊಳಗೆ ಇದ್ದೇವೆ. ಹಾಗಿದ್ದರೂ ಚೀನಾ ಒಂದು ಆದೇಶ ಹೊರಡಿಸಿದರೆ ನಾವೂ ಜಪಾನೂ ಅಮೆರಿಕವೂ ಒಟ್ಟಿಗೆ ತತ್ತರಿಸುವುದು ಹೇಗೆ? ಹೊಸ ಗಣಿ ತೆರೆದರೆ ಸರಿಹೋಗುವ ವಿಷಯವೇ ಇದು?

ಲೋಹಶಾಲೆ

ಗಣಿ ತೆರೆದರೆ ಸರಿಹೋಗುವುದಿಲ್ಲ. ಅದಿರಿನಲ್ಲಿ ಚೀನಾದ ಪಾಲು ಮೂರರಲ್ಲಿ ಎರಡರ ಆಸುಪಾಸು. ಧಾತುಗಳನ್ನು ಬಿಡಿಸುವ ಹಂತದಲ್ಲಿ ಮತ್ತು ಮ್ಯಾಗ್ನೆಟ್ ತಯಾರಿಕೆಯಲ್ಲಿ ಅದು ಸುಮಾರು 90%. ಕುತ್ತಿಗೆ ಹಿಡಿಯುವ ಜಾಗ ಅದು.

ಮೋಟಾರಿನ ಮ್ಯಾಗ್ನೆಟ್ ಅಂದರೆ ನಿಯೋಡಿಮಿಯಂ ಎಂಬ ರೇರ್ ಅರ್ಥ್, ಕಬ್ಬಿಣ, ಬೋರಾನ್‌ಗಳ ಮಿಶ್ರಲೋಹ. ತೂಕದಲ್ಲಿ ರೇರ್ ಅರ್ಥ್ 30%ರಷ್ಟು, ಬೋರಾನ್ 1%ರಷ್ಟು, ಉಳಿದದ್ದು ಬಹುಪಾಲು ಕಬ್ಬಿಣ. ಒಂದು ಎಲೆಕ್ಟ್ರಿಕ್ ಕಾರಿನ ಮೋಟಾರಿಗೆ ಒಂದರಿಂದ ಎರಡು ಕಿಲೋ ಬೇಕು. ಸಾದಾ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಮೋಟಾರಿನೊಳಗೆ ಶಾಖ ಅದಕ್ಕಿಂತ ತುಂಬಾ ಹೆಚ್ಚು, ಆದ್ದರಿಂದ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಎಂಬ ಬೇರೆ ರೇರ್ ಅರ್ಥ್ ಸ್ವಲ್ಪ ಸೇರಿಸುತ್ತಾರೆ. ಏಪ್ರಿಲ್ ಪಟ್ಟಿಯಲ್ಲಿ ನಿಯೋಡಿಮಿಯಂ ಇಲ್ಲ, ಈ ಎರಡೂ ಇವೆ. ಪಟ್ಟಿ ಮಾಡಿದವರು ಲೋಹಶಾಸ್ತ್ರ ಚೆನ್ನಾಗಿ ಬಲ್ಲವರು.

ಈಗ ಅದಿರಿನಿಂದ ಮ್ಯಾಗ್ನೆಟ್‌ವರೆಗಿನ ದಾರಿ ನೋಡಿ. ಮೋನಜೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಒಡೆಯಬೇಕು. ನಮ್ಮ ಮೋನಜೈಟ್‌ನಲ್ಲಿ ವಿಕಿರಣಶೀಲ ಥೋರಿಯಂ ಆಕ್ಸೈಡ್ 8ರಿಂದ 10% ಇರುವುದರಿಂದ ಅದನ್ನು ಬೇರ್ಪಡಿಸಿ ಕಾಪಿಡಬೇಕು. ಈ ಮರಳು ಪರಮಾಣು ಇಂಧನ ಕಾನೂನಿನ ಹಿಡಿತದಲ್ಲಿರುವುದೂ ಖಾಸಗಿಯವರು ಕೈಹಾಕಲಾಗದಿರುವುದೂ ಈ ಥೋರಿಯಂ ಕಾರಣಕ್ಕೇ. ಬಳಿಕ ದ್ರಾವಕದಲ್ಲಿ ಬಿಡಿಸುವ ಕೆಲಸ. ಪಕ್ಕಪಕ್ಕದ ಧಾತುಗಳ ರಾಸಾಯನಿಕ ಗುಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದು ಸಲ ಕಲಕಿದರೆ ಸಿಗುವ ವ್ಯತ್ಯಾಸ ಅತ್ಯಲ್ಪ. ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಬೆರೆಸಿದ ರಂಜಕಯುಕ್ತ ದ್ರಾವಕವನ್ನೂ ಆಮ್ಲದ ದ್ರಾವಣವನ್ನೂ ಎದುರುಬದುರು ಹರಿಸಿ, ನೂರಾರು ತೊಟ್ಟಿಗಳಲ್ಲಿ ಕಲಕಿ, ನಿಲ್ಲಿಸಿ, ಮುಂದಕ್ಕೆ ಸಾಗಿಸಬೇಕು. ಇಡೀ ಸಾಲು ಸಮತೋಲಕ್ಕೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನಡುವೆ ಅದಿರಿನ ಮೂಲ ಬದಲಾದರೆ ಸಾಲು ಕೆಡುತ್ತದೆ, ಶುದ್ಧತೆ ಇಳಿಯುತ್ತದೆ, ಮತ್ತೆ ಹೊಂದಿಸಬೇಕು.

ಬಿಡಿಸಿದ ಧಾತು ಆಕ್ಸೈಡ್ ರೂಪದಲ್ಲಿ ಬಂದ ಮೇಲೂ ಅರ್ಧ ದಾರಿ ಬಾಕಿ. ಕರಗಿದ ಫ್ಲೋರೈಡ್ ಲವಣದಲ್ಲಿ ವಿದ್ಯುತ್ ಹಾಯಿಸಿ ಲೋಹ ಮಾಡಬೇಕು. ಮಿಶ್ರಲೋಹವನ್ನು ತೆಳು ಹಾಳೆಯಾಗಿ ಎರಕ ಹೊಯ್ದು, ಹೈಡ್ರೋಜನ್ ಕುಡಿಸಿ ಪುಡಿಪುಡಿ ಮಾಡಿ, 3ರಿಂದ 5 ಮೈಕ್ರಾನ್‌ಗೆ ಅರೆಯಬೇಕು. ಈ ಪುಡಿಗೆ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳದಿದ್ದರೂ ಆಮ್ಲಜನಕ ಸೇರಿದಷ್ಟೂ ಮ್ಯಾಗ್ನೆಟ್ ದುರ್ಬಲ. ಕಾಂತಕ್ಷೇತ್ರದಲ್ಲಿ ಒತ್ತಿ, 1,050 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಗಟ್ಟಿಮಾಡಿ, ಕತ್ತರಿಸಿ, ತುಕ್ಕು ಹಿಡಿಯದಂತೆ ನಿಕಲ್ ಲೇಪಿಸಿದರೆ ಮುಗಿಯಿತು. ಕತ್ತರಿಸುವಾಗಲೇ ಕಾಲುಭಾಗದಷ್ಟು ಚೂರುಪಾರು ಆಗುತ್ತದೆ. ಅದನ್ನು ಮರುಬಳಸುವ ವ್ಯವಸ್ಥೆ ಪಕ್ಕದಲ್ಲೇ ಇಲ್ಲದಿದ್ದರೆ ಲಾಭವೆಲ್ಲ ಅದರಲ್ಲೇ ಹೋಗುತ್ತದೆ.

ಇನ್ನೊಂದು ಮುಖ್ಯ ಮಾತು: ನಮ್ಮ ಮರಳಿನಲ್ಲಿ ನಿಯೋಡಿಮಿಯಂನಂಥ ಲಘು ಧಾತುಗಳೇ ಹೆಚ್ಚು. ಡಿಸ್ಪ್ರೋಸಿಯಂ ತೆಗೆದರೆ ಗಿಟ್ಟುವಷ್ಟು ಇಲ್ಲ. ಅದು ಸಿಗುವುದು ಮುಖ್ಯವಾಗಿ ದಕ್ಷಿಣ ಚೀನಾದ ಮತ್ತು ಮ್ಯಾನ್ಮಾರ್‌ನ ಕಾಚಿನ್ ಪ್ರಾಂತ್ಯದ ಜೇಡಿಮಣ್ಣಿನಲ್ಲಿ.

ರಫ್ತುನೀತಿ

ಲೋಹಶಾಲೆಯವರು ಕಾರ್ಖಾನೆಯ ಕಡೆಯಿಂದ ಹೇಳಿದರು, ನಾನು ಕಾಗದಪತ್ರದ ಕಡೆಯಿಂದ ಹೇಳುತ್ತೇನೆ. ಚೀನಾ ‘ನಿಷೇಧ’ ಹೇರಿತು ಎಂದು ಪತ್ರಿಕೆಗಳು ಬರೆದವು. ಏಪ್ರಿಲ್‌ನಲ್ಲಿ ಹೇರಿದ್ದು ನಿಷೇಧವಲ್ಲ, ಲೈಸೆನ್ಸ್. ಅದರ ಬಲ ಬೇರೆಯೇ.

ಕೊಳ್ಳುವ ಕಂಪನಿ ‘ಅಂತಿಮ ಬಳಕೆ ಪ್ರಮಾಣಪತ್ರ’ ಕೊಡಬೇಕು: ಯಾವ ಉತ್ಪನ್ನಕ್ಕೆ, ಯಾರ ಕೈಗೆ, ಸೇನೆಯ ಬಳಕೆಗಲ್ಲ ಎಂಬ ಮುಚ್ಚಳಿಕೆ. ಭಾರತದ ಕಂಪನಿಯಾದರೆ ನಮ್ಮ ಸರ್ಕಾರದ ಅನುಮೋದನೆ, ಮೇಲೆ ಚೀನಾ ರಾಯಭಾರ ಕಚೇರಿಯ ದೃಢೀಕರಣ. ಅದನ್ನು ಹಿಡಿದು ಚೀನಾದ ಮಾರಾಟಗಾರ ಅರ್ಜಿ ಹಾಕುತ್ತಾನೆ. ವಾಣಿಜ್ಯ ಸಚಿವಾಲಯಕ್ಕೆ ಪರಿಶೀಲನೆಗೆ 45 ಕೆಲಸದ ದಿನಗಳು, ಅಂದರೆ ಕ್ಯಾಲೆಂಡರಿನಲ್ಲಿ ಎರಡು ತಿಂಗಳ ಮೇಲೆ. ಕಾರ್ಖಾನೆಯಲ್ಲಿ ದಾಸ್ತಾನು ಇರುವುದು ಕೆಲವೇ ವಾರಗಳಿಗೆ. ಯಾರಿಗೂ ‘ಇಲ್ಲ’ ಅನ್ನದೆಯೇ ಸಾಲು ನಿಲ್ಲಿಸಬಹುದು. ಜೊತೆಗೆ ಯಾವ ಕಂಪನಿ ಏನು ಮಾಡುತ್ತದೆ, ಎಷ್ಟು ಬೇಕು, ಯಾರಿಗೆ ಮಾರುತ್ತದೆ ಎಂಬ ಮಾಹಿತಿಯೆಲ್ಲ ಬೀಜಿಂಗ್‌ಗೆ ತಾನಾಗಿ ಬಂದು ಬೀಳುತ್ತದೆ. ನನ್ನ ಮಟ್ಟಿಗೆ ಮ್ಯಾಗ್ನೆಟ್‌ಗಿಂತ ಇದು ದೊಡ್ಡ ಅಪಾಯ.

ಇನ್ನೊಂದು ತೊಡಕು ಸುಂಕದ ಕಟ್ಟೆಯಲ್ಲಿ. ಡಿಸ್ಪ್ರೋಸಿಯಂ ಇರುವ ಮ್ಯಾಗ್ನೆಟ್‌ಗೂ ಇಲ್ಲದ್ದಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಕಾಣದು, ಹಾಗಾಗಿ ಪಟ್ಟಿಯಲ್ಲಿಲ್ಲದ ಸರಕೂ ಪರೀಕ್ಷೆಗೆಂದು ಬಂದರಿನಲ್ಲಿ ಕೂತಿತು. ಕೆಲವರು ಮ್ಯಾಗ್ನೆಟ್ ಬಿಟ್ಟು ಜೋಡಿಸಿದ ಮೋಟಾರನ್ನೇ ತರಿಸುವ ದಾರಿ ಹುಡುಕಿದರು, ಏಕೆಂದರೆ ನಿರ್ಬಂಧ ಇದ್ದದ್ದು ಮ್ಯಾಗ್ನೆಟ್ ಮೇಲೆ. ಹಾಗೆ ಮಾಡಿದರೆ ಇಲ್ಲಿಯ ಮೋಟಾರ್ ಕೆಲಸವೂ ಚೀನಾಕ್ಕೇ ಹೋಗುತ್ತದೆ.

ಈ ಅಸ್ತ್ರ ಚೀನಾ ತಾನೇ ಕಂಡುಹಿಡಿದದ್ದಲ್ಲ. 2022ರ ಅಕ್ಟೋಬರ್ 7ರಂದು ಅಮೆರಿಕ ಚಿಪ್ ನಿಯಮ ತಂದಾಗ, ತನ್ನ ತಂತ್ರಜ್ಞಾನ ಬಳಸಿ ಬೇರೆ ದೇಶದಲ್ಲಿ ಮಾಡಿದ ಚಿಪ್‌ಗೂ ತನ್ನ ಅನುಮತಿ ಬೇಕು ಎಂದಿತ್ತು. 2025ರ ಅಕ್ಟೋಬರ್ 9ರಂದು ಚೀನಾ ಅದೇ ಮಾದರಿಯಲ್ಲಿ, ತನ್ನ ರೇರ್ ಅರ್ಥ್ ಮೌಲ್ಯದಲ್ಲಿ 0.1% ಇದ್ದರೂ ಹೊರದೇಶದ ಸರಕಿಗೆ ಲೈಸೆನ್ಸ್ ಬೇಕು ಎಂದಿತು.

ಕಡಲಮರಳು

ಇಬ್ಬರಿಗೂ ಧನ್ಯವಾದ ಸರ್. ಬುಸಾನ್‌ನಲ್ಲಿ ಟ್ರಂಪ್–ಷಿ ಭೇಟಿಯ ನಂತರ ಇದೆಲ್ಲ ತಣ್ಣಗಾಯಿತಲ್ಲವೇ? 2010ರಲ್ಲಿ ಜಪಾನಿಗೂ ಇದೇ ಆಗಿತ್ತು ಎಂದು ಓದಿದ್ದೆ. ಅವರು ಹೊರಬಂದದ್ದು ಹೇಗೆ?

ರಫ್ತುನೀತಿ

ತಣ್ಣಗಾದದ್ದು ಅಕ್ಟೋಬರ್ ನಿಯಮ ಮಾತ್ರ, ಅದೂ 2026ರ ನವೆಂಬರ್ 10ರವರೆಗಿನ ಅಮಾನತು. ಆ ಅಮಾನತು ಏಪ್ರಿಲ್‌ನ ಏಳು ಧಾತುಗಳ ಲೈಸೆನ್ಸ್ ನಿಯಮವನ್ನು ಮುಟ್ಟಲಿಲ್ಲ.

ಪೂರ್ವದಿಕ್ಕು

ಜಪಾನಿನ ಕಥೆ ನಿಧಾನವಾಗಿ ನೋಡುವಂಥದ್ದು. 2010ರ ಸೆಪ್ಟೆಂಬರ್‌ನಲ್ಲಿ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುದೋಣಿ ಜಪಾನಿನ ಕರಾವಳಿ ಪಡೆಯ ಹಡಗುಗಳಿಗೆ ಡಿಕ್ಕಿ ಹೊಡೆಯಿತು, ಜಪಾನ್ ಆ ದೋಣಿಯ ನಾಯಕನನ್ನು ಬಂಧಿಸಿತು, ಚೀನಾದಿಂದ ಬರುವ ರೇರ್ ಅರ್ಥ್ ಸರಕು ನಿಂತಿತು. ಅಮೆರಿಕ ಮತ್ತು ಯುರೋಪಿನ ಜೊತೆ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2014ರಲ್ಲಿ ಗೆದ್ದರು. ಆದರೆ ಕಾಪಾಡಿದ್ದು ತೀರ್ಪಲ್ಲ. 2011ರಲ್ಲಿ ಸರ್ಕಾರಿ ಸಂಸ್ಥೆ ಜಾಗ್‌ಮೆಕ್ ಮತ್ತು ವ್ಯಾಪಾರಿ ಕಂಪನಿ ಸೋಜಿಟ್ಸ್ ಸೇರಿ ಆಸ್ಟ್ರೇಲಿಯದ ಗಣಿ ಕಂಪನಿ ಲೈನಾಸ್‌ಗೆ 25 ಕೋಟಿ ಡಾಲರ್ ಕೊಟ್ಟವು. ಅದಿರು ಆಸ್ಟ್ರೇಲಿಯದ ಮೌಂಟ್ ವೆಲ್ಡ್‌ನದು, ಬಿಡಿಸುವುದು ಮಲೇಷ್ಯದ ಕ್ವಾಂಟನ್‌ನಲ್ಲಿ. ಬೆಲೆ ಕುಸಿದಾಗಲೂ ಸಾಲದ ಷರತ್ತು ಸಡಿಲಿಸಿ ಕೈಬಿಡದೆ ಹಿಡಿದರು. ಅಷ್ಟೆಲ್ಲ ಮಾಡಿಯೂ ಚೀನಾ ಅವಲಂಬನೆ ಸುಮಾರು 90%ನಿಂದ 60%ಗೆ ಇಳಿಯಿತು, ಅಷ್ಟೇ. ಲೈನಾಸ್ ಮೊದಲ ಸಲ ಡಿಸ್ಪ್ರೋಸಿಯಂ ಆಕ್ಸೈಡ್ ಮಾಡಿದ್ದು 2025ರ ಮೇನಲ್ಲಿ.

ಅಮೆರಿಕದಲ್ಲಿ ಆದದ್ದು ಇದರ ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯ ಒಡೆಯ ಮಾಲಿಕಾರ್ಪ್ 2011ರ ಬೆಲೆಯೇರಿಕೆ ನಂಬಿ ದೊಡ್ಡ ಸಾಲ ಮಾಡಿತು. ಬೆಲೆ ಬಿತ್ತು, 2015ರಲ್ಲಿ ದಿವಾಳಿಯಾಯಿತು. ನಂತರ ಬಂದ ಎಂಪಿ ಮೆಟೀರಿಯಲ್ಸ್ ವರ್ಷಗಟ್ಟಲೆ ಅದಿರಿನ ಸಾಂದ್ರವನ್ನು ಬಿಡಿಸಲು ಚೀನಾಕ್ಕೇ ಕಳಿಸುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಅದರಲ್ಲಿ 40 ಕೋಟಿ ಡಾಲರ್ ಹೂಡಿ, ನಿಯೋಡಿಮಿಯಂ-ಪ್ರಸಿಯೋಡಿಮಿಯಂಗೆ ಹತ್ತು ವರ್ಷ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆ ಖಾತರಿ ಕೊಟ್ಟಿತು. ಮುಕ್ತ ಮಾರುಕಟ್ಟೆಯ ದೇಶ ಬೆಂಬಲ ಬೆಲೆಗೆ ಇಳಿದದ್ದು ಸಣ್ಣ ಸಂಗತಿಯಲ್ಲ.

ನಮ್ಮ ಸಂಪುಟ 2025ರ ನವೆಂಬರ್‌ನಲ್ಲಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಗುರಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್. ಆಕ್ಸೈಡ್‌ನಿಂದ ಮ್ಯಾಗ್ನೆಟ್‌ವರೆಗೆ ಎಲ್ಲ ಹಂತವೂ ಅದರಲ್ಲಿದೆ, ಅದು ಸರಿಯಾದ ನಡೆ. ಆದರೆ ಚೀನಾ ನಾಳೆ ಬೆಲೆ ಇಳಿಸಿದರೆ ನಮ್ಮ ಕಾರ್ಖಾನೆಯ ಮಾಲನ್ನು ಯಾರು ಕೊಳ್ಳುತ್ತಾರೆ? ವಾಹನ ಕಂಪನಿಗಳು ಐದು-ಹತ್ತು ವರ್ಷದ ಖರೀದಿ ಕರಾರಿಗೆ ಈಗಲೇ ಸಹಿ ಹಾಕಬೇಕು.

ಲೋಹಶಾಲೆ

ಖರೀದಿ ಕರಾರಿನ ಮಾತಿಗೆ ನನ್ನ ಪೂರ್ತಿ ಸಹಮತ. ಅದರ ಜೊತೆಗೆ ಬೇಡಿಕೆಯನ್ನೂ ತಗ್ಗಿಸಬಹುದು. ಡಿಸ್ಪ್ರೋಸಿಯಮನ್ನು ಇಡೀ ಮಿಶ್ರಲೋಹಕ್ಕೆ ಬೆರೆಸದೆ, ತಯಾರಾದ ಮ್ಯಾಗ್ನೆಟ್‌ನ ಮೇಲ್ಮೈಗೆ ಲೇಪಿಸಿ ಕಾಯಿಸಿದರೆ ಅದು ಹರಳುಗಳ ಅಂಚಿಗಷ್ಟೇ ಇಳಿಯುತ್ತದೆ, ತುಂಬಾ ಕಡಿಮೆ ಸಾಕಾಗುತ್ತದೆ. ತೆಳು ಮ್ಯಾಗ್ನೆಟ್‌ಗೆ ಮಾತ್ರ ಇದು ಹೊಂದುತ್ತದೆ, ದಪ್ಪವಾದರೆ ಒಳಗೆ ತಲುಪುವುದಿಲ್ಲ. ಫೆರೈಟ್ ಮ್ಯಾಗ್ನೆಟ್ ಅಗ್ಗ, ರೇರ್ ಅರ್ಥ್ ಅಷ್ಟಾಗಿ ಬೇಡ, ಆದರೆ ಶಕ್ತಿ ಹತ್ತನೇ ಒಂದು ಭಾಗದಷ್ಟು. ಮೋಟಾರ್ ದೊಡ್ಡದಾಗುತ್ತದೆ, ಭಾರವಾಗುತ್ತದೆ. ಸ್ಕೂಟರಿಗೆ ನಡೆದೀತು, ಕ್ಷಿಪಣಿಯ ರೆಕ್ಕೆ ತಿರುಗಿಸುವ ಮೋಟಾರಿಗೆ ನಡೆಯದು. ಇರುವ ಅಷ್ಟಿಷ್ಟು ಡಿಸ್ಪ್ರೋಸಿಯಮನ್ನು ಮೊದಲು ಯಾವುದಕ್ಕೆ ಎತ್ತಿಡಬೇಕೆಂದು ಈಗಲೇ ಪಟ್ಟಿ ಮಾಡಿಕೊಳ್ಳಬೇಕು.